ತಿರಫಳವಲ್ಲದ ಕಾಯಿ

ಅಡುಗೆಮನೆಯಲ್ಲಿ ನಾನು ಮಾಡಿದ ಎಡವಟ್ಟುಗಳು ಬೇಕಾದಷ್ಟಿವೆ. ಎರಡು ಸಲ ಉಪ್ಪು ಹಾಕಿದ ಸಾರನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಮುಂಬೈ ಹತ್ತಿರದ ಡೊಂಬಿವಲಿಯ ಚಾಳಿನ ಆ ಭಾನುವಾರ ಮಾತ್ರ ಇವತ್ತಿಗೂ ಚುಚ್ಚುತ್ತದೆ.

ಎಪ್ಪತ್ತರ ದಶಕದ ಕೊನೆ. ಧಾರವಾಡ ಕಡೆಯ ನನ್ನ ಯಜಮಾನರು ಠಾಣೆಯ ಕಾಲೇಜೊಂದರ ಸಸ್ಯಶಾಸ್ತ್ರ ವಿಭಾಗದಲ್ಲಿ ಲ್ಯಾಬ್ ಅಸಿಸ್ಟೆಂಟ್. ರಜೆ ಸಿಕ್ಕಿದರೆ ಸಾಕು, ಊರಾಚೆಯ ಗುಡ್ಡ ಹತ್ತುತ್ತಿದ್ದರು. ಯಾವ ಪುಸ್ತಕದಲ್ಲೂ ಇಲ್ಲದ ಒಂದೇ ಒಂದು ಮರ ಅಲ್ಲಿ ಅವರ ಕಣ್ಣಿಗೆ ಬಿದ್ದಿತ್ತು. ಎಲೆ, ಹೂವು ನೋಡಿದ ಪ್ರೊಫೆಸರು, "ಇದು ಸಸ್ಯಗಳ ಹೊಸ ಕುಲವೇ ಇರಬಹುದು. ಆದರೆ ಬೀಜ ನೋಡದೆ ಹೇಳುವ ಹಾಗಿಲ್ಲ" ಎಂದಿದ್ದರಂತೆ. ಎರಡು ವರ್ಷ ಕಾದು, ಕಡೆಗೊಮ್ಮೆ ಒಂದು ಹಿಡಿ ಕಾಯಿ ತಂದರು. ಮನೆ ಮುಂದಿನ ಗ್ಯಾಲರಿಯಲ್ಲಿ ಪೇಪರಿನ ಮೇಲೆ ಒಣಹಾಕಿ, ನನಗೊಂದು ಮಾತೂ ಹೇಳದೆ ಸ್ಟೇಷನ್ ಕಡೆ ಹೋದರು.

ನಾನೋ ಉಡುಪಿಯವಳು. ಬಿಸಿಲಿಗೆ ಬಾಯಿಬಿಟ್ಟಿದ್ದ ಕಾಯಿ ಕಂಡು, ಅಬ್ಬಾ, ನನಗೆಂದು ಪಕ್ಕದ ಕಲ್ಯಾಣದ ಬಜಾರಿನಿಂದ ನಮ್ಮೂರ ಮಸಾಲೆ ಕಾಯಿ ತಿರಫಳ ತಂದಿದ್ದಾರಲ್ಲ ಎಂದು ಹಿಗ್ಗಿದೆ. ತಿರಫಳದ ಬೀಜ ಕಹಿ. ಅದನ್ನು ತೆಗೆದುಹಾಕಿ ಸಿಪ್ಪೆಯನ್ನಷ್ಟೇ ಸಾರಿಗೆ ಬಳಸುವುದು ನಮ್ಮ ಕಡೆಯ ರೂಢಿ. ಒಂದೊಂದೇ ಬೀಜ ಬಿಡಿಸಿ ಮೋರಿಗೆ ಹಾಕಿ, ಮೇಲೊಂದು ಬಕೆಟ್ ನೀರು ಸುರಿದೆ.

ವಾಪಸು ಬಂದವರು ಸಿಪ್ಪೆ ತುಂಬಿದ ಬಾಟಲಿ ನೋಡಿ, "ಏನ ಮಾಡಿದಿ ನೀ?" ಎಂದರು. ನಾನು ಮೋರಿ ತೋರಿಸಿದೆ. ಬರಿದಾದ ಪೇಪರನ್ನು ಮಡಚುತ್ತ, "ಇರ್ಲಿ ಬಿಡು, ನಾ ಹೇಳಬೇಕಿತ್ತು" ಎಂದರು.

ಮರುದಿನ ಪ್ರೊಫೆಸರರ ಮುಂದೆ, ಲೋಕಲ್ ಟ್ರೇನಿನ ಗರ್ದಿಯಲ್ಲಿ ಚೀಲ ಕಳೆಯಿತೆಂದು ಹೇಳಿ ಬೈಸಿಕೊಂಡು ಬಂದರು. ನನ್ನ ಸುದ್ದಿ ಎತ್ತಲಿಲ್ಲ. ಮುಂದಿನ ಭಾನುವಾರ ಗುಡ್ಡಕ್ಕೆ ಹೋದರೆ, ಕಲ್ಲು ಒಡೆಯುವವರು ಜಾಗ ಮಾಡಿಕೊಳ್ಳಲು ಮರವನ್ನೇ ಕಡಿದಿದ್ದರು.

ಕೆಲವು ವರ್ಷಗಳಾದ ಮೇಲೆ ದೂರದ ಕಾಡೊಂದರಲ್ಲಿ ಅದೇ ಮರ ಬೇರೆಯವರಿಗೆ ಸಿಕ್ಕಿತು. ಹೊಸ ಕುಲವೆಂದು ಅವರೇ ಪ್ರಕಟಿಸಿದರು. ಅದು ಅಚ್ಚಾದ ವಿಜ್ಞಾನ ಪತ್ರಿಕೆಯನ್ನು ಯಜಮಾನರು ಕಾಲೇಜಿನಿಂದ ಮನೆಗೆ ತಂದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಓದಿ ಮುಗಿಸಿ, ಅಷ್ಟು ವರ್ಷ ಕೇಳದೇ ಇದ್ದದ್ದನ್ನು ಕೇಳಿದರು.

"ಆ ಬೀಜಾ ನಾ ನೋಡಲೇ ಇಲ್ಲ. ನೀ ನೋಡೀದಿ. ಹೆಂಗಿತ್ತು, ಹೇಳು."

"ಕಪ್ಪಗೆ ಮಿರಿಮಿರಿ ಹೊಳೀತಿತ್ತು. ಒಂದು ಬದಿಗೆ ಸಣ್ಣ ಕೆಂಪು ಗೆರೆ" ಎಂದೆ.

"ಹೌದು, ಕೆಂಪು ಗೆರಿ ಅಂತನ ಬರದಾರ" ಎಂದು ಖುಷಿಯಿಂದ ಪತ್ರಿಕೆ ಮಡಚಿಟ್ಟರು.

ತಿರಫಳದ ಬೀಜಕ್ಕೆ ಗೆರೆ ಇರುವುದಿಲ್ಲ. ಇದು ತಿರಫಳವಲ್ಲವೇನೋ ಎಂದು ಬಿಸಾಡುವಾಗಲೇ ನನಗೆ ಹೊಳೆದಿತ್ತು, ಆದರೂ ಕೈ ತಡೆಯಲಿಲ್ಲ. ಅವರಿಗೆ ಇವತ್ತಿನವರೆಗೂ ಹೇಳಿಲ್ಲ.