ಕೂಗಿ ಹೇಳುವ ಕೆಲಸ

ಅಥವಾ ಡಾಕ್ಟರು ಆ ಮಾತನ್ನು ಹೇಳಿಯೇ ಇರಲಿಲ್ಲವೋ ಏನೋ. ಆಪರೇಷನ್ ಆದ ಮೇಲೆ ದನಿ ಕಟ್ಟಬಹುದು, ಹೆಚ್ಚಿನವರಿಗೆ ಸರಿಹೋಗುತ್ತದೆ, ಕೆಲವರಿಗೆ ಇಲ್ಲ ಎಂದರು ಅಂತ ನನ್ನ ನೆನಪು. ಆದರೆ ನನ್ನ ನೆನಪಿಗೆ ತೇಪೆ ಹಾಕುವ ಚಾಳಿಯಿದೆ. ಆ ‘ಕೆಲವರಿಗೆ ಇಲ್ಲ’ ಎನ್ನುವುದು ಆಮೇಲೆ ಸೇರಿಕೊಂಡದ್ದಿರಬಹುದು.

ಗಡ್ಡೆ ಇದ್ದದ್ದು ಸುಂದರ ಮಾವನ ಕುತ್ತಿಗೆಯಲ್ಲಿ. ಅಮ್ಮನ ಕೊನೆಯ ತಮ್ಮ, ನನಗಿಂತ ತುಸುವೇ ದೊಡ್ಡವನು, ಹಾಗಾಗಿ ಏಕವಚನ. ಎಪ್ಪತ್ತರ ದಶಕದಲ್ಲಿ, ಕಚೇರಿಗಳೇ ತುಂಬಿದ ಫೋರ್ಟ್ ಪ್ರದೇಶದ ಒಂದು ಉಡುಪಿ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದ. ಅಲ್ಲಿ ಚೀಟಿ ಬರೆಯುವ ಪದ್ಧತಿ ಇರಲಿಲ್ಲ. ಗಿರಾಕಿಯ ಮೇಜಿನ ಬಳಿ ನಿಂತೇ ಒಳಗಿನ ಭಟ್ಟರಿಗೆ ಕೂಗಬೇಕು. ಆಫೀಸುಗಳು ಬಿಟ್ಟ ಹೊತ್ತಿನಲ್ಲಿ ನಾಲ್ಕಾರು ಜನ ಒಟ್ಟಿಗೆ ಕೂಗುತ್ತಿದ್ದರು. ಭಟ್ಟರು ದೋಸೆಕಲ್ಲಿನಿಂದ ತಲೆಯೆತ್ತದೆ, ಯಾವ ದನಿಗೆ ಯಾವ ತಟ್ಟೆ ಎಂದು ತಿಳಿಯುತ್ತಿದ್ದರು.

ಆಪರೇಷನ್ನಿಗೆ ಹೋಗುವವರ ಪ್ರಶ್ನೆಗಳೇ ವಿಚಿತ್ರ. ನನ್ನ ಹರ್ನಿಯಾ ಕೊಯ್ಯುವ ಮುಂಚೆ, ಕಾಫಿ ಯಾವಾಗಿನಿಂದ ಕುಡಿಯಬಹುದು ಎಂದು ಕೇಳಿದವನು ನಾನು. ಡಾಕ್ಟರು ಮಾವನಿಗೆ ಎಲ್ಲ ಬಿಡಿಸಿ ಹೇಳಿದರು: ಹಿಂದಿನ ರಾತ್ರಿಯಿಂದ ನೀರೂ ಇಲ್ಲ, ಸೂಜಿ ಚುಚ್ಚಿದರೆ ನಿದ್ದೆ, ಎಚ್ಚರವಾದಾಗ ವಾಕರಿಕೆ, ನುಂಗಲು ನೋವು, ರಕ್ತ ಬಸಿಯಲು ಕುತ್ತಿಗೆಗೊಂದು ಸಣ್ಣ ನಳಿಗೆ. ಮಾವ ಕೇಳಿದ್ದು, ಗಡ್ಡ ಬೋಳಿಸುವುದು ಯಾವಾಗ ಎಂದು. ಹೊರಗೆ ಬಂದು ನನಗೆ ಹೇಳಿದ: “ನಿದ್ದೆಗೆ ಸೂಜಿಯಂತೆ ಮಾರಾಯ. ಹೋಟೆಲಿನವನಿಗೆ ಪುಕ್ಕಟೆ ನಿದ್ದೆ ಸಿಗ್ತದೆ ಅಂದ್ರೆ ಬಿಡ್ಲಿಕ್ಕುಂಟಾ?”

ಹೇಳಿದ್ದೆಲ್ಲ ಹೇಳಿದ ಹಾಗೆಯೇ ಆಯಿತು. ದನಿ ಮಾತ್ರ ಬರಲಿಲ್ಲ. ಗಾಳಿ ಬಂತು, ಅದರೊಳಗೆ ಮಾತಿತ್ತು. ಕಾಯಿರಿ ಎಂದರು, ಒಂದು ಮಳೆಗಾಲ ಕಾದೆವು. ಕೆಲಸಕ್ಕೆ ಮರಳಿದ ಮಾವ ಪ್ರತಿ ಆರ್ಡರಿಗೂ ಒಳಗೆ ನಡೆದು ಭಟ್ಟರ ಕಿವಿಯಲ್ಲಿ ಹೇಳಬೇಕಾಯಿತು.

“ಎಂತದು ಸುಂದರ, ಮಸಾಲೆ ದೋಸೆ ಅನ್ಲಿಕ್ಕೆ ಇಷ್ಟು ಗುಟ್ಟಾ?” ಎಂದರಂತೆ ಭಟ್ಟರು. ಮಾವನೂ ನಕ್ಕನಂತೆ. ಗಿರಾಕಿಗಳು ಕಾಯಲಿಲ್ಲ. ಧಣಿ ಕೆಟ್ಟವರಲ್ಲ, ಕೆಲಸದಿಂದ ತೆಗೆಯದೆ ಹಿಂಬದಿಯ ರುಬ್ಬುವ ಕಲ್ಲಿಗೆ ಹಾಕಿದರು. “ಅಲ್ಲಿ ನಿಂಗೆ ಮಾತೇ ಬೇಡ,” ಎಂದರು, ಸಮಾಧಾನಕ್ಕೆ.

ರಜೆ ಸಿಕ್ಕಾಗ ಮಾವ ಅಂಧೇರಿಯಲ್ಲಿ ರೈಲುಹಳಿಯ ಪಕ್ಕದ ನನ್ನ ಖೋಲಿಗೆ ಬರುತ್ತಿದ್ದ. ಲೋಕಲ್ ಬಂದರೆ ಮಾತು ನಿಲ್ಲಿಸಿ, ಅದು ದಾಟಿಹೋಗುವವರೆಗೆ ಕಾಯುತ್ತಿದ್ದ. ಕೆಲವೊಮ್ಮೆ ಆಮೇಲೂ ಮುಂದುವರಿಸುತ್ತಿರಲಿಲ್ಲ. “ಎಂತ ಮಾವ?” ಎಂದರೆ, “ಬಿಡು, ರೈಲಿಗೆ ಹೇಳಿಯಾಯ್ತು,” ಅನ್ನುವನು.

ಈಗ ಅವನಿಲ್ಲ. ಆ ಕೂಗನ್ನು ನೆನೆಯಲು ಕೂತರೆ ಹೋಟೆಲು ಬರುತ್ತದೆ, ಕಾದ ಕಲ್ಲಿಗೆ ನೀರು ಚಿಮುಕಿಸಿದ ಸದ್ದು ಬರುತ್ತದೆ, ನಾಲ್ಕಾರು ದನಿಗಳು ಒಟ್ಟಿಗೇ ಬರುತ್ತವೆ. ಅವುಗಳಲ್ಲಿ ಮಾವನದು ಯಾವುದೆಂದು ಭಟ್ಟರಿಗೆ ಗೊತ್ತಿತ್ತು. ನನಗೆ ಗೊತ್ತಿಲ್ಲ.