ಉಡಚಮ್ಮ ಸೊನೆ ತೆಗೆದ ಬೇಸಿಗೆ

ನ್ಯಾಮತಿಯ ಜಂಪಣ್ಣನಿಗೆ ಲಕ್ವ ಹೊಡೆದದ್ದು ಎಪ್ಪತ್ತೊಂಬತ್ತರ ಚಳಿಗಾಲದಲ್ಲಿ. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು, ಮಾತೂ ನಿಂತುಹೋಯಿತು. ಅವನು ಬಾಡಿಗೆಗೆ ಓಡಿಸುತ್ತಿದ್ದ ನೀಲಿ ಅಂಬಾಸಿಡರ್ ಕಾರು ಹಿತ್ತಲ ಮಾವಿನ ಮರದಡಿ ನಿಂತಲ್ಲೇ ನಿಂತಿತು.

ಹೆಂಡತಿ ಉಡಚಮ್ಮ ಮೊದಮೊದಲು ಅವನೊಡನೆ ಮಾತಾಡುತ್ತಲೇ ಇದ್ದಳು. ಗಂಜಿ ಕುಡಿಸುವಾಗ, ಕೈಕಾಲಿಗೆ ಎಣ್ಣೆ ತಿಕ್ಕುವಾಗ ಓಣಿಯ ಸುದ್ದಿಯೆಲ್ಲ ಹೇಳುತ್ತಿದ್ದಳು. ಮರುಮಾತಿಲ್ಲದೆ ಎಷ್ಟು ದಿನ ಹೇಳಿಯಾಳು? ಬರಬರುತ್ತ ಅವಳ ಮಾತೂ ಸಣ್ಣದಾಯಿತು. ಮಧ್ಯಾಹ್ನದ ಬಿಸಿಲಿಗೆ ಮನೆಯೇ ನೀರಿನೊಳಗೆ ಮುಳುಗಿದಂತೆ ಸುಮ್ಮನಿರುತ್ತಿತ್ತು. ಆ ಹೊತ್ತಿನಲ್ಲಿ ಕಣ್ಣು ಹತ್ತಿದರೆ ಅವಳಿಗೊಂದು ಕನಸು ಬೀಳುತ್ತಿತ್ತು: ತವರೂರು ಸಾಸ್ವೆಹಳ್ಳಿಯ ಹೊಳೆಯ ಮೇಲೆ ಕಾರು ತೆಪ್ಪದ ಹಾಗೆ ತೇಲುತ್ತ ಹೋಗುತ್ತಿದೆ, ಒಳಗೆ ಯಾರೂ ಇಲ್ಲ.

ಆ ವರ್ಷ ಮರ ಕೊಂಬೆ ಬಾಗುವಷ್ಟು ಕಾಯಿ ಹಿಡಿಯಿತು. ಗಾಳಿ ಬೀಸಿದಾಗಲೆಲ್ಲ ಮಿಡಿ ಉದುರಿ, ತೊಟ್ಟಿನಿಂದ ಸೊನೆ ಸೋರಿ, ಕಾರಿನ ಮೈಮೇಲೆ ಬಿದ್ದು ಒಣಗಿತು. ಅದರ ಮೇಲೆ ಧೂಳು, ತರಗೆಲೆ, ಇರುವೆ. ಯುಗಾದಿ ಕಳೆಯುವ ಹೊತ್ತಿಗೆ ನೀಲಿ ಬಣ್ಣವೆಲ್ಲ ಕಂದು ಹಕ್ಕಳೆಗಳಿಂದ ತುಂಬಿಹೋಗಿತ್ತು.

ಒಂದು ದಿನ ಜಂಪಣ್ಣನ ಜೊತೆಗಾರ ಡ್ರೈವರ್ ಪೀರ್‌ಸಾಬ್ ಬಂದು ಕಟ್ಟೆಯ ಮೇಲೆ ಕೂತ.

“ಅಕ್ಕಾ, ಜಗಳೂರಿಂದ ಒಬ್ರು ಮೇಷ್ಟ್ರು ಮುಂದಿನ ತಿಂಗ್ಳು ಕಾರು ನೋಡಾಕೆ ಬರ್ತಾರಂತೆ. ನಿಂತ ಗಾಡಿ ಕೆಡ್ತೈತೆ. ಓಡ್ಸೋರ ಕೈಗೆ ಕೊಡೋದು ಒಳ್ಳೇದು.”

ಉಡಚಮ್ಮ ಗಂಡನ ಮುಖ ನೋಡಿದಳು. ಅವನು ಕಣ್ಣು ಮುಚ್ಚಿಕೊಂಡ. ಒಪ್ಪಿಗೆಯೋ, ಸಂಕಟವೋ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅವನ ಮಂಚವನ್ನು ಹಿತ್ತಲಿಗೆ ಹಾಕಿಸಿ, ಅವಳು ಅಡುಗೆಮನೆಯ ಚಾಕು ತಂದಳು. ಬಂದವರ ಎದುರು ಕಾರು ಅನಾಥವಾಗಿ ಕಾಣಬಾರದೆಂಬುದಷ್ಟೇ ಅವಳ ಆಸೆ. ಬಾನೆಟ್ ಮೇಲಿನ ಒಂದು ಹಕ್ಕಳೆಗೆ ಚಾಕು ಹಚ್ಚಿ ಕೆರೆದಳು. ಕರಕರ ಸದ್ದಾಯಿತು.

“ಬ್ಯಾಡ.”

ಬೇಲಿಯಾಚೆ ಯಾರೋ ಅಂದರೆಂದುಕೊಂಡು ಅವಳು ತಿರುಗಿದಳು. ಯಾರೂ ಇರಲಿಲ್ಲ. ಜಂಪಣ್ಣ ದಿಂಬಿನಿಂದ ತಲೆಯೆತ್ತಿದ್ದ. ಅವನ ತುಟಿ ನಡುಗುತ್ತಿತ್ತು.

“ಕೆ... ಕೆರೀಬ್ಯಾಡ.”

ಚಾಕು ಅವಳ ಕೈಯಿಂದ ಜಾರಿ ತರಗೆಲೆಯ ಮೇಲೆ ಬಿತ್ತು. ಓಡಿ ಹೋಗಿ ಅಪ್ಪಿಕೊಳ್ಳಬೇಕೆನಿಸಿತು. ಹತ್ತಿರ ಹೋದರೆ ಬಂದ ಮಾತು ಹೆದರಿ ಹಾರಿಹೋದೀತೆಂಬ ಭಯ. ನಿಂತಲ್ಲಿಂದಲೇ, ದಿನಾ ಮಾತಾಡುವವಳ ಹಾಗೆ ಕೇಳಿದಳು:

“ಮತ್ತೆ ಹೆಂಗೆ ತಗೀಲಿ?”

ಅವನು ಬಹಳ ಹೊತ್ತು ಮರದ ಕಡೆ ನೋಡಿದ. ಆಮೇಲೆ, “ಎಣ್ಣೆ,” ಅಂದ.

ಅವಳು ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ತಂದಳು. ಅವನದೇ ಹಳೆಯ ಪಂಚೆಯ ತುಂಡನ್ನು ಅದರಲ್ಲಿ ಅದ್ದಿ ಸೊನೆಯ ಮೇಲಿಟ್ಟು ಕಾದಳು. ಸೊನೆ ಮೆತ್ತಗಾಗಿ ಬಟ್ಟೆಗೆ ಹತ್ತಿಕೊಂಡು ಬಂತು. ಜಗ್ಗಿ ಒರೆಸಹೋದರೆ ಅವನು “ಮೆಲ್ಲಗೆ” ಅನ್ನುವನು. ಎಣ್ಣೆಯ ಜಿಡ್ಡು ಹೋಗಲೆಂದು ಅಂಟುವಾಳದ ನೀರಿನಲ್ಲಿ ತೊಳೆದಾಗ, ಅಂಗೈಯಗಲ ನೀಲಿ ಬಣ್ಣ ಹೊಳೆಯಿತು. ಅದರಲ್ಲಿ ಮಾವಿನೆಲೆಗಳು ಅಲುಗುತ್ತಿದ್ದವು.

ಅಂದಿನಿಂದ ಅವಳಿಗೆ ಅವಸರವೇ ಇಲ್ಲವಾಯಿತು. ನೆರಳು ಬೀಳುವ ಹೊತ್ತಿಗೆ ಬಟ್ಟಲು ಹಿಡಿದು ಬರುವಳು. ಮನಸ್ಸು ಮಾಡಿದ್ದರೆ ಬೇಗ ಮುಗಿಯುವ ಕೆಲಸ. ಅವಳು ಬೇಕೆಂದೇ ಎಳೆದಳು. ಅವಳು ಒರೆಸುತ್ತಿದ್ದರೆ ಜಂಪಣ್ಣ ಒಂದೊಂದೇ ಮಾತು ಹುಡುಕಿ ತೆಗೆಯುವನು. ಊರುಗಳ ಹೆಸರು ಬೇಗ ಬಂದವು: ಉಬ್ರಾಣಿ, ಚನ್ನಗಿರಿ, ಸೂರಗೊಂಡನಕೊಪ್ಪ. ಅವಳ ಹೆಸರು ಬರಲು ತಡವಾಯಿತು. ಬಂದ ದಿನ ಅವಳು ಕಾರಿನ ಆಚೆ ಬದಿಗೆ ಹೋಗಿ, ಅವನಿಗೆ ಕಾಣದಂತೆ ಕೂತು ಅತ್ತಳು.

ಪೀರ್‌ಸಾಬ್ ಮೇಷ್ಟ್ರನ್ನು ಕರೆದುಕೊಂಡು ಬಂದಾಗ ಕಾರು ತೊಳೆದ ಬಾನಿನಂತಿತ್ತು. ಬಾನೆಟ್ ಮೇಲೆ ಮಾತ್ರ ಸೊನೆ ಸುಟ್ಟ ಮಸುಕು ಕಲೆಗಳಿದ್ದವು. ಕೊಡುವುದೋ ಬೇಡವೋ ಎಂದು ಉಡಚಮ್ಮ ಸೆರಗಿನ ತುದಿ ಸುತ್ತುತ್ತ ನಿಂತಿದ್ದಳು. ಮಾತಾಡಿದವನು ಜಂಪಣ್ಣ.

“ತಗೊಂಡು ಹೋಗ್ರಿ. ನೆರಳಿಗೆ ನಿಲ್ಲಸ್ರಿ. ಮಾವಿನ ನೆರಳು ಬ್ಯಾಡ.”

ಮೇಷ್ಟ್ರು ನಕ್ಕರು. “ಹೊನ್ನಾಳಿವರೆಗೆ ನೀವೂ ಬರ್ರಿ. ಬಸ್ಸಿಗೆ ವಾಪಸ್ ಬರೀರಂತೆ.”

ಪೀರ್‌ಸಾಬ್ ಜಂಪಣ್ಣನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿ, ತಾನು ಮುಂದೆ, ಗಾಡಿ ಓಡಿಸುವ ಮೇಷ್ಟ್ರ ಪಕ್ಕ ಕೂತ. ಉಡಚಮ್ಮ ಗಂಡನ ಪಕ್ಕ ಹತ್ತಿದಳು. ಎಷ್ಟೋ ಮದುಮಕ್ಕಳನ್ನು, ಬಾಣಂತಿಯರನ್ನು ಹೊತ್ತಿದ್ದ ಆ ಕಾರಿನಲ್ಲಿ ಅವಳು ಕೂತದ್ದು ಅದೇ ಮೊದಲು. ಕಿಟಕಿಯಾಚೆ ಹೊಲಗಳು, ಜಾಲಿ ಗಿಡಗಳು ಹಿಂದೆ ಹಿಂದೆ ಸರಿದವು. ಹೊನ್ನಾಳಿಯ ಸೇತುವೆ ಬಂದಾಗ ಮೇಷ್ಟ್ರು ತಾವಾಗಿಯೇ ನಿಧಾನ ಮಾಡಿದರು. ಬೇಸಿಗೆಯ ಹೊಳೆ ಬಂಡೆಗಳ ನಡುವೆ ತೆಳ್ಳಗೆ ಮಿನುಗುತ್ತಿತ್ತು.

“ಇಷ್ಟು ಬಾಡಿಗೆ ಹೊಡ್ದೀರಲ್ಲ, ಯಾವೂರಿನ ದಾರಿ ಚಂದ?” ಎಂದು ಅವಳು ಕೇಳಿದಳು.

ಜಂಪಣ್ಣ ಯೋಚಿಸಿದ. ಮಾತು ಬರಲು ಹೊತ್ತು ಹಿಡಿಯಿತು. ಅವಳು ಅವನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು, ಕಿಟಕಿಯ ಗಾಳಿಗೆ ಮುಖವೊಡ್ಡಿ ಕಾದಳು.