ಸೋಮವಾರದ ಎತ್ತುಗಳು

ಹೊನ್ನೂರಿನ ಗದ್ದೆ ದಾರಿಯಲ್ಲಿ ನಾನು ಓಡಿಸುತ್ತಿದ್ದ ಜೀಪಿನ ಹಿಂದಿನ ಚಕ್ರ ಅರ್ಧ ಹೂತುಹೋಯಿತು. ಸೀಟಿನ ಮೇಲೆ ದನಗಳ ಕಾಲುಬಾಯಿ ಜ್ವರದ ಲಸಿಕೆ, ಅದರ ಸುತ್ತ ಕರಗುತ್ತಿರುವ ಐಸು. ಐಸು ಪೂರ್ತಿ ಕರಗಿದರೆ ಅಷ್ಟೂ ಲಸಿಕೆಯನ್ನು ಎಸೆಯಬೇಕು.

ಪಕ್ಕದ ತೋಟದ ನೆರಳಲ್ಲಿ ಆನೆಯಂಥ ಜೋಡಿ ಎತ್ತು ಮಲಗಿದ್ದವು. ಅವುಗಳ ಯಜಮಾನ ಶಿವಣ್ಣನವರನ್ನು ಕೇಳಿಕೊಂಡೆ: "ಒಂದು ಹಗ್ಗ ಕಟ್ಟಿ ಎಳೆಸಿಬಿಡಿ."

"ಇವತ್ತು ಸೋಮ್ವಾರ ಸಾ. ಎತ್ತಿಗೆ ನೊಗ ಇಡಂಗಿಲ್ಲ. ಬೆಟ್ಟದ ಮಾದಪ್ಪನ ಕಟ್ಲೆ."

"ಲಸಿಕೆ ತಂದಿರೋದು ನಿಮ್ಮೂರ ಎತ್ತುಗಳಿಗೇ ತಾನೆ? ಒಂದು ದಿನಕ್ಕೆ ಮಾದಪ್ಪ ಕೋಪ ಮಾಡ್ಕೋತಾನಾ?" ನನ್ನ ದನಿ ಸ್ವಲ್ಪ ಜೋರೇ ಆಯಿತು.

"ಮಾಡ್ಕಳ್ದೆ ಇದ್ರೂ ಕಟ್ಲೆ ಕಟ್ಲೆನೇಯ. ಕಟ್ಲೆ ಮಾಡ್ದೋನು ದಾರಿನೂವೆ ತೋರ್ಸ್ತನೆ. ರಜ ಕೊಟ್ಟಿರದು ಎತ್ತಿಗೆ, ನಂಗಲ್ಲ. ನೀವು ಸ್ಟೇರಿಂಗ್ ಇಡ್ಕಳಿ" ಎಂದವರೇ ಪಂಚೆ ಮೇಲಕ್ಕೆ ಕಟ್ಟಿ ಕೆಸರಿಗೆ ಇಳಿದರು.

ಅರವತ್ತು ದಾಟಿದ ಮನುಷ್ಯ. ಒಣಗಿದ ತೆಂಗಿನ ಗರಿಗಳನ್ನು ಚಕ್ರದಡಿ ತುರುಕಿ, ಹೆಂಡತಿಯನ್ನೂ ಕೂಗಿ ಕರೆದು, ಇಬ್ಬರೂ ಜೀಪಿಗೆ ಭುಜ ಕೊಟ್ಟರು. ಎರಡು ಸಲ ಚಕ್ರ ಸುಮ್ಮನೆ ತಿರುಗಿ ಅವರ ಮುಖಕ್ಕೆ ಕೆಸರು ಎರಚಿತು. ಮೂರನೇ ಸಲ "ಉಘೇ ಮಾದಪ್ಪ" ಎಂದು ತಳ್ಳಿದಾಗ ಜೀಪು ಮೇಲೆ ಬಂತು. ಐಸು ಇನ್ನೂ ಉಳಿದಿತ್ತು.

ಕೃತಜ್ಞತೆಗೆ ಮೊದಲ ಲಸಿಕೆಯನ್ನು ಅವರ ಎತ್ತುಗಳಿಗೇ ಹಾಕಲು ಹೋದೆ. ಅಷ್ಟು ಹೊತ್ತೂ ಮೆಲುಕು ಹಾಕುತ್ತಾ ನಮ್ಮ ಪಾಡು ನೋಡುತ್ತಿದ್ದ ಬಲಗಡೆಯದನ್ನು ಎಬ್ಬಿಸಿ ಸೂಜಿ ಚುಚ್ಚಿದ್ದೇ ತಡ, ಮೊಣಕಾಲಿಗೆ ಸರಿಯಾಗಿ ಒದೆಯಿತು.

"ಅದುಕ್ಕೆ ಇವತ್ತು ರಜ ಅಂತ ಆಗ್ಲೇ ಏಳ್ಲಿಲ್ವಾ ಸಾ" ಎಂದರು ಶಿವಣ್ಣ.